ಖಾಲಿ ಚೌಕಗಳನ್ನು ಓದುವುದು

ಎನ್‌ಸಿಟಿಇಯ 2014ರ ನಿಯಮಾವಳಿಯ ನಂತರ ಬಿ.ಇಡ್. ಎರಡು ವರ್ಷದ ಕೋರ್ಸ್ ಆಯಿತು. ಆ ಎರಡು ವರ್ಷಗಳಲ್ಲಿ ಕನಿಷ್ಠ 20 ವಾರ ನಾವು ಶಾಲೆಗಳಲ್ಲಿರಬೇಕು. ಅದರಲ್ಲಿ 16 ವಾರ ಎರಡನೇ ವರ್ಷದ ಇಂಟರ್ನ್‌ಶಿಪ್. ಈ ಅವಧಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಬರೆಯುವ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟರೆ ಮೇಜಿನ ಮೇಲೆ ಸಣ್ಣ ಗೋಡೆಯೇ ಏಳುತ್ತದೆ. ಪಾಠಯೋಜನೆ, ಘಟಕ ಯೋಜನೆ, ಘಟಕ ಪರೀಕ್ಷೆಯ ನೀಲನಕ್ಷೆ, ಸಹಪಾಠಿಗಳ ಪಾಠ ವೀಕ್ಷಣೆ, ಕ್ರಿಯಾ ಸಂಶೋಧನೆ, ಪ್ರತಿಫಲನ ದಿನಚರಿ, ಹೀಗೆ. ಇವೆಲ್ಲ ತರಗತಿಯ 40 ನಿಮಿಷಗಳನ್ನು ಯೋಜಿಸಲು ಕಲಿಸುತ್ತವೆ. ಆ 40 ನಿಮಿಷದ ಮುಂದೆ ಬಂದು ನಿಲ್ಲಬೇಕಾದ ಮನುಷ್ಯನ ಉಳಿದ 23 ಗಂಟೆ 20 ನಿಮಿಷಕ್ಕೆ ಯಾವ ನಮೂನೆಯೂ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ನಾನು ಮಾಡಿಕೊಂಡ ನಮೂನೆ ಯಾವುದು, ಅದು ನನಗೆ ತರಗತಿಯಲ್ಲಿ ಏನನ್ನು ಕಾಣಿಸಿತು ಎಂಬುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನನಗೀಗ 25 ವರ್ಷ. ಬಿ.ಎಸ್‌ಸಿ. ಮುಗಿಸಿ ಎರಡು ವರ್ಷ ಔಷಧಿ ಅಂಗಡಿಯೊಂದರಲ್ಲಿ ಬಿಲ್ ಬರೆದು, ಕೂಡಿಟ್ಟ ಹಣದಲ್ಲಿ ಈ ಕೋರ್ಸಿಗೆ ಸೇರಿದೆ. ಅಪ್ಪನಿಗೆ ವಾರಕ್ಕೆ ಎರಡು ಸಲ, ಬುಧವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನ, ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗುತ್ತದೆ. ಉಳಿದ ಸಂಜೆಗಳಲ್ಲಿ ಆರು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಜೊತೆಗೆ ಟಿಇಟಿ ಓದು. ಇಂಥ ದಿನಗಳನ್ನು ನೆನಪಿನ ಮೇಲೆ ಭಾರ ಹಾಕಿ ನಡೆಸಲಾಗುವುದಿಲ್ಲ.

ನೂರು ಪುಟದ ಪುಸ್ತಕ

ನನ್ನ ಯೋಜನಾ ಪುಸ್ತಕ ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್. ತೆರೆದಾಗ ಎಡಪುಟದಲ್ಲಿ ವಾರದ ಕೆಲಸ, ಬಲಪುಟದಲ್ಲಿ ಅಭ್ಯಾಸಪಟ್ಟಿ. ಅಭ್ಯಾಸಪಟ್ಟಿ ಎಂದರೆ ನಾಲ್ಕು ಅಡ್ಡಸಾಲು, ಸಾಲಿಗೆ ಏಳು ಚೌಕ. ಪಾಠಯೋಜನೆ ಹಿಂದಿನ ರಾತ್ರಿಯೇ ಮುಗಿಯಿತೇ, ಪಾಠವಾದ ಮೇಲೆ ಎರಡು ಸಾಲು ಬರೆದೆನೇ, ಒಂದು ಗಂಟೆ ಟಿಇಟಿಗೆ ಓದಿದೆನೇ, ಅರ್ಧ ಗಂಟೆ ನಡೆದೆನೇ. ಆಗಿದ್ದರೆ ಒಂದು ಟಿಕ್. ನಾಲ್ಕಕ್ಕಿಂತ ಹೆಚ್ಚು ಸಾಲು ಹಾಕಿದರೆ ಪಟ್ಟಿಯನ್ನು ತುಂಬುವುದೇ ಐದನೆಯ ಕೆಲಸವಾಗುತ್ತದೆ.

ಎಡಪುಟಕ್ಕೆ ಒಂದೇ ನಿಯಮ. ಕೆಲಸವನ್ನು ಅದು ಬೇಕಾಗುವ ದಿನಕ್ಕೆ ಬರೆಯುವುದಿಲ್ಲ, ಅದಕ್ಕೆ ಕೈ ಹಾಕಬೇಕಾದ ದಿನಕ್ಕೆ ಬರೆಯುತ್ತೇನೆ. ವಿಜ್ಞಾನ ಹೇಳುವವರಿಗೆ ಇದು ಬೇಗ ಅರ್ಥವಾಗುತ್ತದೆ. 8ನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಎರಡು ಲೋಟ ಹಾಲು ತೋರಿಸಬೇಕಿತ್ತು. ಒಂದಕ್ಕೆ ಹೆಪ್ಪು ಹಾಕಿದ್ದು, ಇನ್ನೊಂದಕ್ಕೆ ಹಾಕದ್ದು. ಪಾಠ ಗುರುವಾರ. ಆದರೆ ಪುಸ್ತಕದಲ್ಲಿ ಅದು ಕಾಣಿಸಿಕೊಂಡದ್ದು ಬುಧವಾರ ಬೆಳಗಿನ ಸಾಲಿನಲ್ಲಿ: ‘ಹಾಲು ಎತ್ತಿಡಲು, ರಾತ್ರಿ ಹೆಪ್ಪು ಹಾಕಲು ಅಮ್ಮನಿಗೆ ಹೇಳುವುದು’. ಬುಧವಾರ ನಾವು ಆಸ್ಪತ್ರೆಯಿಂದ ಮನೆ ಸೇರುವಾಗ 9 ಗಂಟೆ ದಾಟಿರುತ್ತದೆ. ಅದೇ ರೀತಿ, ಯೀಸ್ಟ್ ಹಾಕಿದ ಮೈದಾ ಹಿಟ್ಟು ಉಬ್ಬಿದ್ದನ್ನು ಮೂರನೇ ಅವಧಿಯಲ್ಲಿ ಮಕ್ಕಳು ನೋಡಬೇಕಾದರೆ ಹಿಟ್ಟು ಕಲೆಸುವ ಕೆಲಸ ಪ್ರಾರ್ಥನೆಗೂ ಮುಂಚೆ ಆಗಬೇಕು. ಪಾಠಯೋಜನೆಯಲ್ಲಿ ‘ಬೋಧನೋಪಕರಣ’ ಎಂಬ ಅಂಕಣದಲ್ಲಿ ಒಂದೇ ಪದವಾಗಿ ಕೂರುವ ವಸ್ತುವಿನ ಹಿಂದೆ ಇಂಥ ಒಂದು ಹಿಂದಿನ ದಿನ ಇರುತ್ತದೆ.

ಅಮ್ಮನ ಕ್ಯಾಲೆಂಡರ್, ಫ್ರಾಂಕ್ಲಿನ್‌ನ ಪಟ್ಟಿ

ಅಭ್ಯಾಸಪಟ್ಟಿ ಈಗ ಮೊಬೈಲ್ ಆ್ಯಪ್‌ಗಳಲ್ಲಿ ಸಿಗುತ್ತದೆ, ಆದರೆ ವಿಷಯ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಇಂಥದೊಂದು ಪುಸ್ತಕದ ಬಗ್ಗೆ ಬರೆದಿದ್ದಾನೆ. 13 ಗುಣಗಳನ್ನು ಆರಿಸಿಕೊಂಡು, ವಾರಕ್ಕೊಂದು ಗುಣದ ಕಡೆ ವಿಶೇಷ ಗಮನ ಕೊಟ್ಟು, ಏಳು ದಿನಗಳ ಅಂಕಣ ಎಳೆದು, ತಪ್ಪಿದ ದಿನ ಕಪ್ಪು ಚುಕ್ಕೆ ಇಡುತ್ತಿದ್ದ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಆ 13ರಲ್ಲಿ ತನಗೆ ಹೆಚ್ಚು ಕಷ್ಟ ಕೊಟ್ಟದ್ದು ‘ಕ್ರಮಬದ್ಧತೆ’ ಎಂದು ಅವನೇ ಹೇಳಿಕೊಂಡಿದ್ದಾನೆ. ಅಷ್ಟು ದೊಡ್ಡ ಮನುಷ್ಯನಿಗೂ ವಸ್ತುಗಳನ್ನು ಅವುಗಳ ಜಾಗದಲ್ಲಿ ಇಡುವುದು ಕಷ್ಟವಾಗಿತ್ತು ಎಂಬುದು ನಮ್ಮಂಥವರಿಗೆ ಸಮಾಧಾನ.

ನಮ್ಮ ಮನೆಯಲ್ಲಿ ಈ ಪದ್ಧತಿ ಅಡುಗೆಮನೆಯ ಗೋಡೆಯ ಮೇಲಿದೆ. ಹಾಲು ಹಾಕಿಸಿಕೊಳ್ಳದ ದಿನಕ್ಕೆ ಅಮ್ಮ ಕ್ಯಾಲೆಂಡರಿನಲ್ಲಿ ಒಂದು ಇಂಟು ಗುರುತು ಹಾಕುತ್ತಾಳೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಸುತ್ತು. ಹಾಲು ಬಂದ ದಿನಗಳಿಗೆ ಗುರುತೇ ಇಲ್ಲ, ಏಕೆಂದರೆ ಅದು ಮಾಮೂಲು. ತಿಂಗಳ ಕೊನೆಯಲ್ಲಿ ಇಂಟುಗಳನ್ನು ಎಣಿಸಿ ಹಾಲಿನವರ ಲೆಕ್ಕ ತೀರಿಸುತ್ತಾಳೆ. ಎರಡು ವರ್ಷದಿಂದ ಅದೇ ಕ್ಯಾಲೆಂಡರಿನಲ್ಲಿ ದಿನಾಂಕದ ಕೆಳಗೆ ಅಪ್ಪನ ತೂಕವೂ ಸೇರಿದೆ.

ಈ ತೂಕದ ವಿಷಯವನ್ನು ಸ್ವಲ್ಪ ವಿವರಿಸಬೇಕು. ಮೂತ್ರಪಿಂಡ ಕೆಲಸ ಮಾಡದವರಿಗೆ ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ದೇಹದಲ್ಲಿ ನೀರು ಸೇರುತ್ತಾ ಹೋಗುತ್ತದೆ. ಎಷ್ಟು ಸೇರಿದೆ ಎಂದು ಏರಿದ ತೂಕದಿಂದ ತಿಳಿಯುತ್ತದೆ. ಆ ದಿನ ಯಂತ್ರ ಎಷ್ಟು ನೀರು ತೆಗೆಯಬೇಕು ಎಂಬುದನ್ನು ಅದರ ಮೇಲೆ ನಿರ್ಧರಿಸುತ್ತಾರೆ. ತೂಕ ಹೆಚ್ಚು ಏರಿದ ದಿನ ಅಲ್ಲಿನ ಸಿಸ್ಟರ್ ಮೊದಲು ಅಂಕಿಯನ್ನು ಬರೆದುಕೊಂಡು ಯಂತ್ರ ಸರಿಮಾಡುತ್ತಾರೆ. ಆಮೇಲೆ ಅಮ್ಮನ ಕಡೆ ತಿರುಗಿ, “ಮಧ್ಯೆ ಹಬ್ಬ ಏನಾದ್ರೂ ಬಂದಿತ್ತಾ ಅಮ್ಮ?” ಎನ್ನುತ್ತಾರೆ. ಹಬ್ಬ ಬಂದಿದ್ದರೆ ಪಾಯಸ, ಸಾರು, ಮಜ್ಜಿಗೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮುಂದಿನ ಹಬ್ಬಕ್ಕೆ ಯಾವ ಲೋಟದಲ್ಲಿ ಕೊಡಬೇಕು ಎಂಬ ಮಾತಾಗುತ್ತದೆ. ಅಂಕಿಯಿಂದ ಅಪ್ಪನಿಗೆ ಬೈಗುಳ ಸಿಗುವುದಿಲ್ಲ, ಮುಂದಿನ ನಾಲ್ಕು ದಿನಕ್ಕೆ ಒಂದು ಏರ್ಪಾಡು ಸಿಗುತ್ತದೆ.

ನನ್ನ ಬಲಪುಟವನ್ನು ಓದಲು ನಾನು ಕಲಿತದ್ದು ಆ ಸಿಸ್ಟರ್‌ರಿಂದ.

ಬುಧವಾರ ಮತ್ತು ಶನಿವಾರ

21 ದಿನ ಬಿಡದೆ ಮಾಡಿದರೆ ಯಾವುದೇ ಕೆಲಸ ಅಭ್ಯಾಸವಾಗುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಈ 21ರ ಮೂಲವನ್ನು ಸಾಮಾನ್ಯವಾಗಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಲ್ಲಿ ಗುರುತಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ರೋಗಿಗೆ ತನ್ನ ಹೊಸ ಮುಖ ರೂಢಿಯಾಗಲು ಕನಿಷ್ಠ ಸುಮಾರು 21 ದಿನ ಬೇಕು ಎಂಬುದು ಅವನು ಗಮನಿಸಿದ ಸಂಗತಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯೇ ಚಿತ್ರವಿದೆ. ಒಂದು ನಡವಳಿಕೆ ಯೋಚಿಸದೆ ತಾನಾಗಿ ನಡೆಯುವ ಮಟ್ಟ ತಲುಪಲು ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ ಅಂದಾಜು 254 ದಿನ ಬೇಕಿತ್ತು. ಮಧ್ಯಾಂಕ 66. ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಿರಲಿಲ್ಲ.

ಹಾಗಾದರೆ ಒಂದು ಖಾಲಿ ಚೌಕದ ಬಗ್ಗೆ ಚಿಂತಿಸಬೇಕಿಲ್ಲ. ನೋಡಬೇಕಾದದ್ದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಖಾಲಿ ಚೌಕವನ್ನು. ನಾಲ್ಕು ವಾರದ ಬಲಪುಟಗಳನ್ನು ಸಾಲಾಗಿ ಇಟ್ಟು ನೋಡಿದಾಗ ಟಿಇಟಿ ಓದಿನ ಸಾಲು ಬುಧವಾರ ಮತ್ತು ಶನಿವಾರ ಬಿಟ್ಟು ಉಳಿದ ದಿನ ಬಹುಪಾಲು ತುಂಬಿತ್ತು. ಕಾರಣ ಹುಡುಕುವ ಅಗತ್ಯವೇ ಇರಲಿಲ್ಲ. ಒಂದು ಡಯಾಲಿಸಿಸ್ ಮುಗಿಯಲು ಸುಮಾರು 4 ಗಂಟೆ ಬೇಕು. ಮನೆಯ ಮೇಜಿನ ಮುಂದೆ ಕುಳಿತು ಪುಸ್ತಕ ಬಿಡಿಸುವ ಓದು ಆ ಎರಡು ದಿನ ಸಾಧ್ಯವಿಲ್ಲ. ಆದರೆ ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಕುಳಿತು ಹಳೆಯ ಪ್ರಶ್ನೆಪತ್ರಿಕೆಯ 20 ಪ್ರಶ್ನೆ ಬಿಡಿಸಬಹುದು. ಹಾಗಾಗಿ ಆ ಎರಡು ದಿನಕ್ಕೆ ಗುರಿಯನ್ನೇ ಬದಲಿಸಿದೆ. ಅಪ್ಪನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಕೂಡಲೇ ಪ್ರಶ್ನೆಪತ್ರಿಕೆ ಚೀಲದಿಂದ ಹೊರಗೆ ಬರಬೇಕು, 20 ಪ್ರಶ್ನೆಗೆ ಒಂದು ಟಿಕ್. ಶಿಶು ಮನೋವಿಜ್ಞಾನದ ಬಹುಪಾಲು ಪ್ರಶ್ನೆಗಳನ್ನು ನಾನು ಬಿಡಿಸಿದ್ದು ಆ ಬೆಂಚಿನ ಮೇಲೆ.

ಹಾಜರಿ ಪುಸ್ತಕದ ಗುರುವಾರಗಳು

ಇಂಟರ್ನ್‌ಶಿಪ್ ಶಾಲೆಯಲ್ಲಿ ಗುರುವಾರ 8ನೇ ತರಗತಿಗೆ ವಿಜ್ಞಾನದ ಎರಡು ಅವಧಿ ಜೊತೆಯಾಗಿದ್ದವು. ಪ್ರಯೋಗಗಳಿಗೆ ಅದೇ ಅನುಕೂಲದ ದಿನ. ಹೆಪ್ಪಿನ ಲೋಟ ತೋರಿಸಿದ ಮರುದಿನ ಬೆಳಿಗ್ಗೆ ಒಬ್ಬ ಹುಡುಗಿ ಬಾಗಿಲ ಬಳಿ ನಿಂತು, “ಮಿಸ್, ನಿನ್ನೆ ಮೊಸರು ಮಾಡಿ ತೋರಿಸಿದ್ರಂತೆ? ನಂಗೂ ಹೆಪ್ಪು ಹಾಕೋಕೆ ಬರುತ್ತೆ, ಮನೇಲಿ ನಾನೇ ಹಾಕೋದು” ಎಂದಳು. ಬಾರದೇ ಇದ್ದುದಕ್ಕೆ ಅವಳು ಕಾರಣ ಹೇಳಲಿಲ್ಲ.

ಹಾಜರಿ ಪುಸ್ತಕವನ್ನು ನಾವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓದುತ್ತೇವೆ. ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ, ಬಿಸಿಯೂಟಕ್ಕೆ ಎಷ್ಟು ಜನ. ತಿಂಗಳ ಕೊನೆಯಲ್ಲಿ ಪ್ರತಿ ಮಗುವಿನ ಮೊತ್ತ ಬರೆಯುತ್ತೇವೆ. ಆ ಹುಡುಗಿಯ ಮೊತ್ತದಲ್ಲಿ ಗಮನ ಸೆಳೆಯುವಂಥದ್ದು ಏನೂ ಇರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ 72 ದಿನಗಳಲ್ಲಿ 61 ದಿನ ಹಾಜರು, ಶೇ. 85ರ ಹತ್ತಿರ. ಮಾರ್ಗದರ್ಶಕ ಶಿಕ್ಷಕಿಯ ಅನುಮತಿ ಪಡೆದು ಮೂರು ತಿಂಗಳ ಅವಳ ಅಡ್ಡಸಾಲನ್ನು ನನ್ನ ಪುಸ್ತಕದ ಬಲಪುಟದ ಹಾಗೆ ಏಳು ಏಳು ಚೌಕವಾಗಿ ಒಂದು ಹಾಳೆಯಲ್ಲಿ ಬರೆದುಕೊಂಡೆ. 12 ಗುರುವಾರಗಳಲ್ಲಿ 9 ದಿನ ಅವಳು ಬಂದಿರಲಿಲ್ಲ. ಬೇರೆ ಎಲ್ಲ ದಿನ ಸೇರಿ ತಪ್ಪಿದ್ದು ಎರಡೇ ಸಲ.

ಹೋಬಳಿ ಕೇಂದ್ರದಲ್ಲಿ ಗುರುವಾರ ಸಂತೆ. ಕೇಳಿದಾಗ ಅವಳು ಹೇಳಿದಳು: “ನಮ್ಮಮ್ಮ ಸಂತೇಲಿ ಸೊಪ್ಪು ಮಾರೋಕೆ ಹೋಗ್ತಾರೆ ಮಿಸ್. ತಮ್ಮನ್ನ ನೋಡ್ಕೊಳ್ಳೋಕೆ ಯಾರೂ ಇರಲ್ಲ.” ತಮ್ಮನಿಗೆ ಎರಡು ವರ್ಷ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ 8ನೇ ತರಗತಿಯವರೆಗೆ. ಅದರ ಆಚೆ ಒಂದು ದಿನದ ಗೈರು ಎರಡು ದಿನವಾದರೂ ತಡೆದು ಕೇಳುವ ಕಾನೂನು ಸಡಿಲ. ವಾರಕ್ಕೊಂದು ಗುರುವಾರ ಸಣ್ಣದೆನಿಸಬಹುದು. ಆದರೆ ಆ ಶಾಲೆಯ ಸಮಯಪಟ್ಟಿಯಲ್ಲಿ ವಿಜ್ಞಾನದ ಪ್ರಯೋಗಗಳೆಲ್ಲ ಇದ್ದದ್ದು ಆ ಒಂದು ದಿನದಲ್ಲೇ.

ಮಾರ್ಗದರ್ಶಕ ಶಿಕ್ಷಕಿ ಆ ಹಾಳೆಯನ್ನು ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಬಳಿ ಹೋದರು. ಜೋಡಿ ಅವಧಿಯನ್ನು ಮಂಗಳವಾರಕ್ಕೆ ತರಲು ಗಣಿತದ ಮೇಷ್ಟ್ರು ಒಪ್ಪಿದರು. ಮುಖ್ಯೋಪಾಧ್ಯಾಯರು ಅವಳ ತಾಯಿಯನ್ನು ಕರೆಸಿ ಮಾತಾಡಿದರು. ಪಕ್ಕದ ಊರಿನಲ್ಲಿರುವ ಅಜ್ಜಿ ಆಗಾಗ ಗುರುವಾರ ಬಂದು ಮಗುವನ್ನು ನೋಡಿಕೊಳ್ಳುವುದಾಗಿ ಮಾತಾಯಿತು. ಅಜ್ಜಿ ಬಾರದ ವಾರ ಪಕ್ಕದ ಮನೆಯ ಗೆಳತಿ ಆ ದಿನದ ನೋಟ್ಸನ್ನು ಸಂಜೆ ಕೊಂಡೊಯ್ದು ಕೊಡುತ್ತಿದ್ದಳು. ನಾನು ಅಲ್ಲಿದ್ದ ಉಳಿದ 10 ಗುರುವಾರಗಳಲ್ಲಿ ಅವಳು 6 ದಿನ ಬಂದಳು. ಮಂಗಳವಾರಗಳು ಒಂದೂ ತಪ್ಪಲಿಲ್ಲ. ಈರುಳ್ಳಿ ಸಿಪ್ಪೆಯ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಮೊದಲು ಸರಿಯಾಗಿ ಕಾಣಿಸಿದವಳು ಅವಳೇ. ಸಂತೆ ನಿಲ್ಲುವುದಿಲ್ಲ, ಸೊಪ್ಪು ಮಾರದೆ ಆ ಮನೆ ನಡೆಯುವುದಿಲ್ಲ. ಉಳಿದ 4 ಗುರುವಾರಗಳಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಮುಂದಿನ ತಂಡದವರಿಗೆ

ಪ್ರಶಿಕ್ಷಣಾರ್ಥಿ ಮಿತ್ರರೇ, ಇಂಟರ್ನ್‌ಶಿಪ್‌ಗೆ ಹೊರಡುವ ಮೊದಲು ಒಂದು ಸಣ್ಣ ಪುಸ್ತಕವನ್ನು ನಿಮಗಾಗಿ ಇಟ್ಟುಕೊಳ್ಳಿ. ಅದಕ್ಕೆ ಅಂಕಗಳಿಲ್ಲ, ಅದನ್ನು ಯಾರೂ ಸಹಿಗೆ ಕೇಳುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಲುಗಳು ನಾಲ್ಕು ದಾಟದಿರಲಿ. ಪ್ರತಿ ಸಾಲಿಗೂ ದಿನದಲ್ಲಿ ಒಂದು ನಿರ್ದಿಷ್ಟ ಗಳಿಗೆ ಇರಲಿ: ದೀಪ ಹಚ್ಚಿದ ಮೇಲೆ, ಬಸ್ ಹತ್ತಿದ ಮೇಲೆ, ಹೀಗೆ. ಚೌಕ ಖಾಲಿ ಉಳಿದರೆ ಅದರಲ್ಲಿ ಕಾರಣವನ್ನು ಒಂದಕ್ಷರದಲ್ಲಿ ಬರೆಯಿರಿ. ನನ್ನ ಪುಸ್ತಕದಲ್ಲಿ ‘ಆ’ ಎಂದರೆ ಆಸ್ಪತ್ರೆ, ‘ಬ’ ಎಂದರೆ ಬಸ್ ತಡ, ‘ನ’ ಎಂದರೆ ನೆಂಟರು. ತಿಂಗಳಿಗೊಮ್ಮೆ ಎಲ್ಲ ಪುಟಗಳನ್ನು ಒಟ್ಟಿಗೆ ಬಿಚ್ಚಿ, ಒಂದೇ ಅಕ್ಷರ ಎಲ್ಲೆಲ್ಲಿ ಬಂದಿದೆ ನೋಡಿ, ಮುಂದಿನ ತಿಂಗಳ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಬದಲಿಸಿ. ಟಿಕ್‌ಗಳ ಮೊತ್ತವನ್ನು ಕೂಡಬೇಕಾಗಿಲ್ಲ. ನಮ್ಮ ಬದುಕನ್ನು ಹೀಗೆ ಓದಿ ರೂಢಿಯಾದರೆ ಮಕ್ಕಳ ದಾಖಲೆಯನ್ನೂ ಹಾಗೆಯೇ ಓದುತ್ತೇವೆ.

ನಿಮ್ಮಲ್ಲಿ ಯಾರಾದರೂ ಮುಂದಿನ ವರ್ಷ ಆ ಶಾಲೆಗೇ ಹೋಗಬಹುದು. ಆ ಹುಡುಗಿ ಆಗ 9ನೇ ತರಗತಿಯಲ್ಲಿರುತ್ತಾಳೆ. ಹೊಸ ಹಾಜರಿ ಪುಸ್ತಕ ಕೈಗೆ ಬಂದಾಗ ದಯವಿಟ್ಟು ಗುರುವಾರಗಳನ್ನು ಒಮ್ಮೆ ನೋಡಿ.