ಬುಟ್ಟಿಯ ಬೆಳ್ಳುಳ್ಳಿ, ಬಾಟಲಿಯ ಬೆಳ್ಳುಳ್ಳಿ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಮೂರು ಕಡೆ ಇರುತ್ತದೆ. ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಇಡೀ ಗಡ್ಡೆಗಳು, ಫ್ರೀಝರಿನಲ್ಲಿ ಅರೆದಿಟ್ಟ ಉಂಡೆಗಳು, ಫ್ರಿಜ್ಜಿನ ಬಾಗಿಲಲ್ಲಿ ಅಂಗಡಿಯಿಂದ ತಂದ ಶುಂಠಿ-ಬೆಳ್ಳುಳ್ಳಿ ಪೇಸ್ಟಿನ ಬಾಟಲಿ. ನೆಂಟರು ಬಂದರೆಂದರೆ ಈ ಬಾಟಲಿಯನ್ನು ಉಪ್ಪಿನಕಾಯಿ ಭರಣಿಯ ಹಿಂದಕ್ಕೆ ಸರಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಮೆಣಸಿನ ಪುಡಿಯನ್ನು, ಗರಂ ಮಸಾಲೆಯನ್ನು, ತುರಿದ ತೆಂಗಿನಕಾಯಿಯನ್ನು ಕೂಡ ಅಂಗಡಿಯಿಂದ ತರಲು ನಾಚದ ನಾವು ಬೆಳ್ಳುಳ್ಳಿಯ ವಿಷಯದಲ್ಲಿ ಮಾತ್ರ ಇಷ್ಟೇಕೆ ಹಿಂಜರಿಯುತ್ತೇವೆ?

ಕಾರಣ ಸರಳ. ಬಾಟಲಿಯ ಬೆಳ್ಳುಳ್ಳಿ ಎಂದರೆ ಸೋಮಾರಿ ಸೊಸೆ ಎಂಬ ತೀರ್ಪು ನಮ್ಮ ಸಮಾಜದಲ್ಲಿ ಎಂದೋ ಆಗಿಹೋಗಿದೆ. ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ. ಅಂಗಡಿಯದೆಲ್ಲ ರಾಸಾಯನಿಕ, ಮನೆಯಲ್ಲಿ ಮಾಡಿದ್ದೆಲ್ಲ ಶುದ್ಧ. ಮೊದಲನೆಯದು ಅನ್ಯಾಯ. ಎರಡನೆಯದು ಬೆಳ್ಳುಳ್ಳಿಯ ಮಟ್ಟಿಗೆ ಅಪಾಯಕಾರಿ ಕೂಡ. ಅದನ್ನು ಮುಂದೆ ಹೇಳುತ್ತೇವೆ.

ನಾವು ‘ತಾಜಾ’ ಎಂದು ಕೊಳ್ಳುವ ಗಡ್ಡೆ ನಿಜಕ್ಕೂ ತಾಜಾ ಅಲ್ಲ. ಹಿಂಗಾರಿನ ಬೆಳ್ಳುಳ್ಳಿ ಕೀಳುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಕಿತ್ತ ಮೇಲೆ ಒಣಗಿಸಿ, ದಾಸ್ತಾನು ಮಾಡಿ ವರ್ಷವಿಡೀ ಮಾರುತ್ತಾರೆ. ನವೆಂಬರಿನಲ್ಲಿ ನಮ್ಮ ಬುಟ್ಟಿಗೆ ಬೀಳುವ ಗಡ್ಡೆಗೆ ಕನಿಷ್ಠ ಆರೇಳು ತಿಂಗಳ ವಯಸ್ಸಾಗಿರುತ್ತದೆ. ಅಂದರೆ ಸಿಪ್ಪೆಯೊಳಗಿನ ಎಸಳು ಕೂಡ ಸಂರಕ್ಷಿಸಿದ ಪದಾರ್ಥವೇ. ಹಿಂದೆ ಉಮ್ಮನವರು ಗೊಂಚಲು ಕಟ್ಟಿ ಒಲೆಯ ಮೇಲೆ ತೂಗುಹಾಕುತ್ತಿದ್ದುದು ಇದೇ ಲೆಕ್ಕದಲ್ಲಿ. ಕರಾವಳಿಯ ಮಳೆಗಾಲದ ತೇವಕ್ಕೆ ಹೊಗೆ ಮತ್ತು ಬಿಸಿಯೇ ಮದ್ದಾಗಿತ್ತು. ಈಗ ಒಲೆಯೂ ಇಲ್ಲ, ಹೊಗೆಯೂ ಇಲ್ಲ. ಕೆಲವರು ಗಡ್ಡೆಗಳನ್ನು ಫ್ರಿಜ್ಜಿನಲ್ಲಿಡುತ್ತಾರೆ. ಆ ತಂಪಿಗೆ ಅವು ಬೇಗ ಮೊಳಕೆಯೊಡೆಯುತ್ತವೆ. ಗಾಳಿಯಾಡುವ ಬುಟ್ಟಿಯೇ ವಾಸಿ.

ಸಿಪ್ಪೆಯೊಳಗಿನ ಎಸಳಿಗೆ ಅಷ್ಟೇನೂ ವಾಸನೆಯಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಜಜ್ಜಿದಾಗಲೇ ಮೂಗಿಗೆ ಹೊಡೆಯುತ್ತದೆ. ಎಸಳಿನ ಕೋಶಗಳಲ್ಲಿ ಅಲೀನ್ ಎಂಬ ಪದಾರ್ಥ ಒಂದೆಡೆ, ಅಲಿನೇಸ್ ಎಂಬ ಕಿಣ್ವ ಇನ್ನೊಂದೆಡೆ ಇರುತ್ತವೆ. ಜಜ್ಜಿದೊಡನೆ ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಆ ಘಾಟು, ಆ ಖಾರ ಅದರದ್ದು. ಅದು ಹೆಚ್ಚು ಹೊತ್ತು ಉಳಿಯುವುದೂ ಇಲ್ಲ. ನಿಧಾನವಾಗಿ ಒಡೆದು ಬೇರೆ ಬೇರೆ ವಾಸನೆಗಳಾಗುತ್ತದೆ. ಎಸಳನ್ನು ಇಡಿಯಾಗಿ ಬೇಯಿಸಿದರೆ ಬಿಸಿಗೆ ಆ ಕಿಣ್ವವೇ ಸಾಯುತ್ತದೆ, ಆಗ ಬೆಳ್ಳುಳ್ಳಿ ಮೆತ್ತಗಾಗಿ ಸಿಹಿಯಾಗುತ್ತದೆ. ಹಸಿ ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿರೆಂದು ಪ್ರವಾದಿಯವರು (ಸ) ಹೇಳಿದ್ದು ನಮಗೆಲ್ಲ ಗೊತ್ತು. ತಿನ್ನಲೇಬೇಕಾದರೆ ಬೇಯಿಸಿ ಅದರ ವಾಸನೆಯನ್ನು ಕೊಲ್ಲಿರೆಂದು ಉಮರ್ (ರ) ಹೇಳಿದರು. ಬೇಯಿಸಿದರೆ ಏನಾಗುತ್ತದೆಂಬುದು ಆ ಕಾಲದ ಅಡುಗೆಮನೆಗಳಿಗೂ ಗೊತ್ತಿತ್ತು.

ಅಂಗಡಿಯ ಪೇಸ್ಟಿನ ರುಚಿ ಯಾಕೆ ಮಂಕು ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಬಾಟಲಿಯ ಹಿಂಬದಿ ಓದಿ ನೋಡಿ. ಅಸಿಟಿಕ್ ಆಮ್ಲ (260), ಸಿಟ್ರಿಕ್ ಆಮ್ಲ (330), ಮಂದವಾಗಿಸಲು ಕ್ಸಾಂಥನ್ ಗಮ್ (415), ಧಾರಾಳ ಉಪ್ಪು. ಹುಳಿ ಹೆಚ್ಚಾದಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಆದ್ದರಿಂದಲೇ ಹುರುಳಿ ಸಾರಿನ ಒಗ್ಗರಣೆಗೆ ಬಾಟಲಿ ಬೆಳ್ಳುಳ್ಳಿ ಹಾಕಿದರೆ ಅದು ಒಗ್ಗರಣೆಯಾಗುವುದೇ ಇಲ್ಲ. ಎಣ್ಣೆಯಲ್ಲಿ ಸಿಡಿದು ತಳ ಹಿಡಿಯುತ್ತದೆ, ಬಾಯಿಗೆ ಹುಳಿ ಬರುತ್ತದೆ. ಜಜ್ಜಿದ ನಾಲ್ಕು ಎಸಳು ತೆಂಗಿನೆಣ್ಣೆಯಲ್ಲಿ ಕೆಂಪಾಗುವ ಪರಿಮಳಕ್ಕೆ ಪರ್ಯಾಯವೇ ಇಲ್ಲ. ರೊಟ್ಟಿಯ ಜೊತೆಗಿನ ಉತ್ತರ ಕರ್ನಾಟಕದ ಕೆಂಪು ಖಾರಕ್ಕೂ ಅಷ್ಟೇ. ಅದಕ್ಕೆ ಜವಾರಿ ಬೆಳ್ಳುಳ್ಳಿಯ ಸಣ್ಣ ಎಸಳೇ ಬೇಕು. ಸಿಪ್ಪೆ ತೆಗೆಯುವಾಗ ಬೆರಳು ನೋಯುವುದು ನಿಜ.

ಆದರೆ ಕೋಳಿ ಪದಾರ್ಥಕ್ಕೆ? ಈರುಳ್ಳಿ, ಟೊಮೆಟೊ, ಮೊಸರು, ಕೊತ್ತಂಬರಿ ಎಲ್ಲ ಸೇರಿ ಮುಕ್ಕಾಲು ಗಂಟೆ ಬೇಯುವಲ್ಲಿ ಬಾಟಲಿಯದೋ ಬುಟ್ಟಿಯದೋ ಎಂದು ಗುರುತಿಸುವ ನಾಲಿಗೆ ನಮ್ಮ ಮನೆಯಲ್ಲಂತೂ ಇಲ್ಲ. ಉಪ್ಪು ಮತ್ತು ಹುಳಿಯನ್ನು ಕೊಂಚ ಕಡಿಮೆ ಮಾಡಿಕೊಂಡರಾಯಿತು. ಬೆಳ್ಳುಳ್ಳಿ ಪುಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೀನು ಹುರಿಯುವ ಒಣ ಮಸಾಲೆಗೆ ಅದು ಚೆನ್ನ, ಬೇರೆಡೆ ಬೇಡ.

ಈಗ ಆ ಅಪಾಯದ ಮಾತು. ಭಾನುವಾರ ಕೂತು ಬೆಳ್ಳುಳ್ಳಿ ಅರೆದು, ಮೇಲೆ ಎಣ್ಣೆ ಸುರಿದು, ಡಬ್ಬಿಯಲ್ಲಿ ಕಟ್ಟೆಯ ಮೇಲೆಯೇ ಇಟ್ಟುಕೊಳ್ಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ಎಣ್ಣೆ ಇದ್ದರೆ ಕೆಡುವುದಿಲ್ಲ ಎಂಬ ಧೈರ್ಯ. ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವಂಥದ್ದು. ಮಣ್ಣಿನಲ್ಲಿರುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅದಕ್ಕೆ ಅಂಟಿರಬಹುದು. ಗಾಳಿ ಇರುವಲ್ಲಿ ಅವು ಸುಮ್ಮನಿರುತ್ತವೆ. ಎಣ್ಣೆ ಗಾಳಿಯನ್ನು ತಡೆದಾಗ, ಹುಳಿ ಇಲ್ಲದಾಗ, ಅಡುಗೆಮನೆಯ ಬಿಸಿಯಲ್ಲಿ ಅವು ಬೆಳೆದು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಉತ್ಪಾದಿಸುತ್ತವೆ. ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟಕ್ಕೇ ಕಷ್ಟ. ಡಬ್ಬಿಯ ವಾಸನೆಯಾಗಲಿ ರುಚಿಯಾಗಲಿ ಇದನ್ನು ತಿಳಿಸುವುದಿಲ್ಲ.

ಇದು ಹೆದರಿಸುವ ಮಾತಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ಹೋಟೆಲಿನಲ್ಲಿ ಊಟ ಮಾಡಿದ 36 ಮಂದಿ ಹೀಗೆ ಕಾಯಿಲೆ ಬಿದ್ದರು. ಸೋಯಾ ಎಣ್ಣೆಯಲ್ಲಿ ಹಾಕಿದ್ದ ಹೆಚ್ಚಿದ ಬೆಳ್ಳುಳ್ಳಿಯ ಬಾಟಲಿಯನ್ನು ಅಲ್ಲಿ ಫ್ರಿಜ್ಜಿನ ಹೊರಗೆ ಇಟ್ಟಿದ್ದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೂವರಿಗೆ ಇಂಥದ್ದೇ ಆಯಿತು. ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಗೆ ಹುಳಿ ಅಥವಾ ಬ್ಯಾಕ್ಟೀರಿಯಾ ತಡೆಯುವ ಬೇರೆ ಪದಾರ್ಥ ಸೇರಿಸಲೇಬೇಕೆಂದು ಅಮೆರಿಕದ ಸರಕಾರ ಆ ಬಳಿಕ ಕಂಪೆನಿಗಳಿಗೆ ಹೇಳಿತು. ನಾವು ಮೂಗು ಮುರಿಯುವ ಆ ಹುಳಿ ಅಲ್ಲಿರುವುದು ಇದೇ ಕಾರಣಕ್ಕೆ. ನಮ್ಮ ಹಿರಿಯರ ಬೆಳ್ಳುಳ್ಳಿ ಉಪ್ಪಿನಕಾಯಿಯಲ್ಲೂ ಲಿಂಬೆಯೋ ವಿನೆಗರೋ ಇದ್ದೇ ಇತ್ತಲ್ಲವೇ? (ಹುಳಿಗೆ ಬಿದ್ದ ಎಸಳು ಒಮ್ಮೊಮ್ಮೆ ನೀಲಿ-ಹಸಿರಾಗುವುದುಂಟು. ಅದರಿಂದ ತೊಂದರೆಯಿಲ್ಲ, ಚೆಲ್ಲಬೇಡಿ.)

ಚೆನ್ನಾಗಿ ಕುದಿಸಿದರೆ ಈ ವಿಷ ನಾಶವಾಗುತ್ತದೆ. ಪೇಸ್ಟನ್ನು ಹುರಿದು ಬೇಯಿಸುವ ನಮ್ಮ ಅಡುಗೆ ಕ್ರಮದಿಂದ ಅಷ್ಟು ರಕ್ಷಣೆ ಇದೆ. ಆದರೆ ಈಗ ಮಕ್ಕಳಿಗೆ ಶವರ್ಮಾದ ಜೊತೆ ಬಿಳಿ ಬೆಳ್ಳುಳ್ಳಿ ಸಾಸ್ ಬೇಕು. ಗಲ್ಫಿನಿಂದ ಬಂದವರು ಮನೆಯಲ್ಲೇ ಅದನ್ನು ಮಾಡುತ್ತಾರೆ. ಅದು ಒಲೆ ಕಾಣದ ಪದಾರ್ಥ. ಲಿಂಬೆರಸ ಧಾರಾಳವಾಗಿರಲಿ, ಆ ದಿನವೇ ಮುಗಿಯಲಿ.

ನಮ್ಮ ಮನೆಯ ಕ್ರಮ ಹೀಗಿದೆ. ಅರೆದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಉಂಡೆಗಳನ್ನು ಚೀಲದಲ್ಲಿಡುತ್ತೇವೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟದ್ದನ್ನು ನಾಲ್ಕು ದಿನದ ಮೇಲೆ ಬಳಸುವುದಿಲ್ಲ. ಆಷಾಢದ ಗಾಳಿಮಳೆಗೆ ಇಡೀ ದಿನ ಕರೆಂಟಿಲ್ಲದೆ ಫ್ರೀಝರ್ ಕರಗಿದರೆ ಆ ಉಂಡೆಗಳ ಮೇಲೆ ಮೋಹ ಇಟ್ಟುಕೊಳ್ಳುವುದಿಲ್ಲ. ಅಂಥ ತಿಂಗಳುಗಳಲ್ಲಿ ಅಂಗಡಿಯ ಬಾಟಲಿಯೇ ನಮಗೆ ಹೆಚ್ಚು ನಂಬಿಕಸ್ಥ.

ಉಳಿದದ್ದು ಸಿಪ್ಪೆಯ ಪ್ರಶ್ನೆ. ಹಿಂದೆ ಮದುವೆಯ ಹಿಂದಿನ ರಾತ್ರಿ ಹತ್ತಾರು ಹೆಂಗಸರು ಚಾಪೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಾತು, ನಗು, ಹಾಡು ಎಲ್ಲ ಇತ್ತು. ಅದನ್ನು ನೆನೆದು ‘ಆ ಕಾಲವೇ ಚಂದ’ ಎನ್ನುವವರು ಬಹಳ. ಆದರೆ ಇಂದಿನ ಮನೆಯಲ್ಲಿ ಆ ಚಾಪೆಯ ಮೇಲೆ ಇರುವುದು ಒಬ್ಬಳೇ. ಬೆಳಿಗ್ಗೆ ಶಾಲೆಗೆ ಪಾಠ ಹೇಳಲು ಹೋಗಿ, ಸಂಜೆ ಬಂದು ಉಪವಾಸದಲ್ಲೇ ಇಫ್ತಾರಿಗೆ ನಿಲ್ಲುವ ಸೊಸೆಗೆ ‘ತಾಜಾ ಬೆಳ್ಳುಳ್ಳಿಯ ರುಚಿಯೇ ಬೇರೆ’ ಎಂದು ಹೇಳುವವರ ಕೈಗೆ ಮೊದಲು ಅರ್ಧ ಕಿಲೋ ಗಡ್ಡೆ ಕೊಡಬೇಕು.

ನಮ್ಮಲ್ಲಿ ಹಾಗೇ ಮಾಡಿದ್ದೇವೆ. ತಿಂಗಳಿಗೊಂದು ಭಾನುವಾರ ಗಂಡಸರು ಮತ್ತು ಹುಡುಗರು ಸುಲಿಯಬೇಕು, ಅರೆಯುವುದು ನಮ್ಮ ಪಾಲು. ಎಸಳುಗಳನ್ನು ಬೆಚ್ಚಗಿನ ನೀರಿನಲ್ಲಿ ಹಾಕಿ ಕೊಡುತ್ತೇವೆ, ಸಿಪ್ಪೆ ಸಲೀಸಾಗಿ ಬರುತ್ತದೆ. ಮೊದಲ ಭಾನುವಾರ ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ, ಈಗ ಬಾಟಲಿಗಳೂ ಒಳ್ಳೆಯದೇ ಬರುತ್ತವಂತಲ್ಲ ಎಂದು ಒಬ್ಬರು ಕೇಳಿದರು. ಬಿರಿಯಾನಿಯ ಬೆಳ್ಳುಳ್ಳಿಯ ಬಗ್ಗೆ ಮನೆಯಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವರೂ ಅವರೇ.