ಬಾಟಲಿ ನೀರು, ರಾಗಿ ಗಂಜಿ

ಕೊಂಡ್ಲಹಳ್ಳಿಯಲ್ಲಿ ಯಾರಿಗಾದರೂ ಕಾಯಿಲೆ ಬಿಗಡಾಯಿಸಿದರೆ ಚಿತ್ರದುರ್ಗಕ್ಕೋ ಬಳ್ಳಾರಿಗೋ ಓಡಬೇಕು. ರೋಗಿ ತೀವ್ರ ನಿಗಾ ಘಟಕದೊಳಕ್ಕೆ ಹೋದ ಮೇಲೆ ಮನೆಯವರಿಗೆ ಬಾಗಿಲಾಚೆಯ ಬೆಂಚೇ ಗತಿ. ಊರಿನಿಂದ ಬರುವ ಫೋನಿನಲ್ಲಿ ಮೊದಲ ಪ್ರಶ್ನೆ, "ಏನಾನ ಉಂಡ್ನೇನಪ್ಪಾ?" "ಗ್ಲೂಕೋಸ್ ಹಾಕ್ಯಾರೆ" ಎಂದರೆ ಅತ್ತಲಿನವರಿಗೆ ಸಮಾಧಾನ.

ಈ ಸಮಾಧಾನವನ್ನು ಪರೀಕ್ಷಿಸಲು ಎಂಟನೆಯ ತರಗತಿಯ ಲೆಕ್ಕ ಸಾಕು. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್; ಸಿಗುವ ಶಕ್ತಿ ಹೆಚ್ಚೆಂದರೆ 100 ಕಿಲೊಕ್ಯಾಲೊರಿ. ಪ್ರೋಟೀನು ಸೊನ್ನೆ. ಮೊದಲ ಕೆಲವು ದಿನಗಳು ಕಳೆದ ಮೇಲೆ 50 ಕೆ.ಜಿ. ತೂಕದ ರೋಗಿಗೆ ದಿನಕ್ಕೆ ಸುಮಾರು 1,250 ಕಿಲೊಕ್ಯಾಲೊರಿ, 60 ಗ್ರಾಂ ಪ್ರೋಟೀನು ಬೇಕು. ಬಾಟಲಿಯಿಂದಲೇ ತುಂಬಿಸುವುದಾದರೆ ಆರು ಲೀಟರಿಗೂ ಮಿಕ್ಕಿ ನೀರು ಹರಿಸಬೇಕು! ಬಾಟಲಿ ಇರುವುದು ನೀರಿಗೆ, ಲವಣಕ್ಕೆ, ಔಷಧಿಗೆ, ಊಟಕ್ಕಲ್ಲ. ಊಟವಿಲ್ಲದಿದ್ದರೆ ಕಾಯಿಲೆಯಿಂದ ಮೊದಲೇ ಕರಗುತ್ತಿರುವ ಸ್ನಾಯು ಇನ್ನಷ್ಟು ಕರಗುತ್ತದೆ. ಉಸಿರೆಳೆಯುವ ಸ್ನಾಯುವೂ ಅದರಲ್ಲಿ ಸೇರಿದೆ.

ಮೂಗಿನ ಕೊಳವೆ ಬರುವುದು ಇಲ್ಲಿ. ರಕ್ತದೊತ್ತಡ ಹತೋಟಿಗೆ ಬಂದ ರೋಗಿಗೆ 24ರಿಂದ 48 ಗಂಟೆಯೊಳಗೆ ಕೊಳವೆಯ ಆಹಾರ ಶುರುವಾಗಬೇಕೆನ್ನುತ್ತವೆ ಮಾರ್ಗಸೂಚಿಗಳು. ಹೇಳುವುದು ಸುಲಭ. ಬೆಳಗ್ಗೆ ಸ್ಕ್ಯಾನಿಗೆಂದು ನಿಲ್ಲಿಸಿದ್ದು ಸಂಜೆಯಾದರೂ ಮತ್ತೆ ಶುರುವಾಗಿರುವುದಿಲ್ಲ; ಕೊಳವೆ ಕಟ್ಟಿಕೊಳ್ಳುತ್ತದೆ; ನರ್ಸ್ ಒಬ್ಬರು, ಹಾಸಿಗೆ ಹಲವು. ಕೆಲವೆಡೆ ಗಂಟೆಯ ಲೆಕ್ಕ ಬಿಟ್ಟು ದಿನದ ಲೆಕ್ಕ ಹಿಡಿದು, ತಪ್ಪಿದ್ದನ್ನು ಉಳಿದ ಗಂಟೆಗಳಲ್ಲಿ ತುಂಬಿಕೊಡುತ್ತಾರೆ. ಜಾಣತನದ ಕ್ರಮವಿದು. ಹಾಗೆಂದು ಪವಾಡ ನಿರೀಕ್ಷಿಸಬಾರದು. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ 27 ಆಸ್ಪತ್ರೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಮಾತ್ರ ಮಾರ್ಗಸೂಚಿಯನ್ನು ಪಟ್ಟುಹಿಡಿದು ಜಾರಿಗೆ ತಂದರು. 2008ರಲ್ಲಿ ಫಲಿತಾಂಶ ಬಂತು: ಆಹಾರವೇನೋ ಬೇಗ ಸಿಕ್ಕಿತ್ತು, ಸಾವು ಕಡಿಮೆಯಾಗಿರಲಿಲ್ಲ.

ಇತ್ತ ಮನೆಯಿಂದ ಸೋಸಿ ತಂದ ರಾಗಿ ಗಂಜಿಯನ್ನು ಬಾಗಿಲಲ್ಲೇ ತಡೆದರೆ ಮುನಿಸು. ತಪ್ಪು ರಾಗಿಯದಲ್ಲ. ಆರಿದ ಗಂಜಿ ಮಂದವಾಗಿ ಸಣ್ಣ ಕೊಳವೆಯನ್ನು ಕಟ್ಟುತ್ತದೆ; ಬಸ್ಸಿನ ಸೆಕೆಯಲ್ಲಿ ಬ್ಯಾಕ್ಟೀರಿಯಾಗಳೂ ಬೆಳೆದಿರುತ್ತವೆ. ಡಬ್ಬದ ಪುಡಿಯ ಬೆಲೆ ಬಡವರಿಗೆ ಹೊರೆ ಎಂಬುದೂ ಅಷ್ಟೇ ನಿಜ.

ಮನೆಯವರು ಒಳಗೆ ಕಳಿಸಬಹುದಾದದ್ದು ಬೇರೊಂದಿದೆ. ಬಹಳ ದಿನ ಉಣ್ಣದವರಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ರೋಗಿಗೆ ಮಾತಿಲ್ಲ, ಕಡತದಲ್ಲಿ ಅದು ಇರುವುದಿಲ್ಲ. "ಹತ್ತು ದಿನದಿಂದ ಮುದ್ದೆ ಮುಟ್ಟಿರ್ಲಿಲ್ಲ ಡಾಕ್ಟ್ರೇ" ಎಂದು ಬೆಂಚಿನ ಮೇಲಿನ ಹೆಂಡತಿಯೋ ತಾಯಿಯೋ ಹೇಳಿದರೆ, ಮೊದಲ ದಿನದ ಅಳತೆಯೇ ಬದಲಾಗುತ್ತದೆ.