ಜೋಡಿ ರಸ್ತೆಯ ಟೀ ಅಂಗಡಿ ಮತ್ತು ಆರು ರನ್

ಮೈಸೂರಿಗೆ ಬಂದವರು ಅರಮನೆ ನೋಡ್ತಾರೆ, ಚಾಮುಂಡಿ ಬೆಟ್ಟಕ್ಕೆ ಹೋಗ್ತಾರೆ, ಮೃಗಾಲಯ ಸುತ್ತಿ ಮೈಸೂರು ಪಾಕ್ ಕಟ್ಟಿಸಿಕೊಂಡು ವಾಪಸ್ ಹೊರಡ್ತಾರೆ. ಕುವೆಂಪುನಗರಕ್ಕೆ ಯಾರೂ ಪ್ರವಾಸ ಬರಲ್ಲ. ಬಂದರೂ ನೋಡೋಕೆ ಸಿಗೋದು ಉದ್ದಕ್ಕೂ ಮನೆಗಳು, ಪಾರ್ಕುಗಳು, ಟ್ಯೂಷನ್ ಬೋರ್ಡುಗಳು, ಸಂಜೆಯಾದರೆ ಚುರುಮುರಿ ಗಾಡಿಗಳು. ಹೆಸರುಗಳು ಮಾತ್ರ ದೊಡ್ಡವು. ಒಂದು ರಸ್ತೆಗೆ ಪಂಚಮಂತ್ರ ರಸ್ತೆ ಅಂತ ಹೆಸರು, ಇನ್ನೊಂದಕ್ಕೆ ವಿಶ್ವಮಾನವ ಜೋಡಿ ರಸ್ತೆ ಅಂತ. ಎರಡೂ ಕುವೆಂಪು ಅವರ ಮಾತುಗಳೇ. ವಿಶ್ವಮಾನವನ ಹೆಸರಿನ ಈ ರಸ್ತೆಯಲ್ಲಿ ಒಂದು ಟೀ ಅಂಗಡಿ ಇದೆ. ಅಲ್ಲಿ ಐಪಿಎಲ್ ಶುರುವಾದರೆ ಎರಡು ತಿಂಗಳು ಮನುಷ್ಯರಲ್ಲಿ ಎರಡೇ ಜಾತಿ: ಆರ್‌ಸಿಬಿಯವರು, ಬೇರೆಯವರು.

ನಾನು ಹುಟ್ಟಿ ಬೆಳೆದಿದ್ದು ಇಲ್ಲೇ. ಇಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಬೆಂಗಳೂರಲ್ಲಿದ್ದೆ, ಈಗ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಸಂಜೆ ಕೊನೆಯ ಮೀಟಿಂಗ್ ಮುಗಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ ಆ ಅಂಗಡಿಗೆ ನಡೀತೀನಿ. ಅಲ್ಲಿಯವರ ನಿಜವಾದ ಹೆಸರು ಬರೆದರೆ ಬೈತಾರೆ, ಹಾಗಾಗಿ ನಾವು ಕರೆಯೋ ಹಾಗೇ ಹೇಳ್ತೀನಿ. ಬ್ಯಾಂಕಿನಿಂದ ನಿವೃತ್ತರಾದ ರಾಯರು, ಪಿಯುಸಿಗೆ ಫಿಸಿಕ್ಸ್ ಹೇಳುತ್ತಿದ್ದ ಮೇಷ್ಟ್ರು, ಎದುರಿಗೇ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿರೋ ಮಂಜ, ಮತ್ತೆ ನಾನು. ರಾಯರು ಬೈಟು ಕಾಫಿ ಹೇಳ್ತಾರೆ, ಮೇಷ್ಟ್ರ ಜೊತೆ ಹಂಚಿಕೊಳ್ತಾರೆ, ಆಮೇಲೆ ಜಗಳ ಶುರು.

ಜಗಳಕ್ಕೆ ಆರ್‌ಸಿಬಿ ಯಾವತ್ತೂ ಕೊರತೆ ಮಾಡಿಲ್ಲ. 2008ರ ಮೊಟ್ಟಮೊದಲ ಪಂದ್ಯದಲ್ಲೇ ಮೆಕಲಂ ಒಬ್ಬನೇ 158 ಹೊಡೆದ. ನಮ್ಮವರು ಎಲ್ಲ ಸೇರಿ 82. ಆವತ್ತು ಎರಡಂಕಿ ಮುಟ್ಟಿದ್ದು ಬೌಲರ್ ಪ್ರವೀಣ್ ಕುಮಾರ್ ಒಬ್ಬನೇ. 2009ರ ಫೈನಲ್ಲಿನಲ್ಲಿ ಡೆಕ್ಕನ್ ಚಾರ್ಜರ್ಸ್ ಮೇಲೆ ಆರು ರನ್ನಿಂದ ಸೋಲು. 2011ರಲ್ಲಿ ಚೆನ್ನೈ ಮೇಲೆ ಸೋಲು. 2016 ಅಂತೂ ಕೇಳಬೇಡಿ. ಕೊಹ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದಿದ್ದ, ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ. 209 ಬೇಕಿತ್ತು, ಹತ್ತು ಓವರ್ ದಾಟಿದಾಗ ಒಂದು ವಿಕೆಟ್ಟೂ ಬೀಳದೆ 114 ಆಗಿತ್ತು. ಅಂಗಡಿಯಲ್ಲಿ ಮಂಜ ಆಗಲೇ ಪಟಾಕಿ ಸರ ಬಿಚ್ಚಿ ಇಟ್ಟಿದ್ದ. ಎಂಟು ರನ್ನಿಂದ ಸೋತೆವು. ಆ ಸರವನ್ನ ಅವನು ದೀಪಾವಳಿಗೆ ಹೊಡೆದ. ಮುಂದಿನ ವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್. ನಾಲ್ಕು ವರ್ಷ ಹಿಂದೆ ಅದೇ ಏಪ್ರಿಲ್ 23ಕ್ಕೆ ಗೇಲ್ 175 ಹೊಡೆದು ತಂಡ 263 ಮಾಡಿತ್ತು ಅನ್ನೋದು ರಾಯರಿಗೆ ಇವತ್ತಿಗೂ ನುಂಗಲಾರದ ತುತ್ತು.

‘ಈ ಸಲ ಕಪ್ ನಮ್ದೇ’ ಅನ್ನೋ ಮಾತು ಮೊದಲು ಘೋಷಣೆಯಾಗಿತ್ತು, ಆಮೇಲೆ ಬೇರೆಯವರು ಆಡಿಕೊಳ್ಳೋ ಜೋಕಾಯ್ತು, ಕೊನೆಗೆ ನಾವೇ ನಮ್ಮನ್ನ ಆಡಿಕೊಳ್ಳೋ ಮಾತಾಯ್ತು. ಗಂಡಸರಿಗಿಂತ ಮೊದಲು ಕಪ್ ತಂದವರು ಹೆಣ್ಣುಮಕ್ಕಳು. 2024ರ ಮಾರ್ಚ್‌ನಲ್ಲಿ ಸ್ಮೃತಿ ಮಂದಾನ ಅವರ ತಂಡ ಡೆಲ್ಲಿಯನ್ನ ಎಂಟು ವಿಕೆಟ್ಟಿಂದ ಸೋಲಿಸಿತು. ನಮ್ಮ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ ಆವತ್ತು ನಾಲ್ಕು ವಿಕೆಟ್ ತೆಗೆದಳು. ಅಂಗಡಿಯಲ್ಲಿ ಅದನ್ನ ಲೆಕ್ಕಕ್ಕೆ ತಗೊಳ್ಳಬೇಕೋ ಬೇಡವೋ ಅಂತ ಒಂದು ವಾರ ವಾದ ಆಯ್ತು. ನನ್ನ ಪ್ರಕಾರ ಅದು ವಾದವೇ ಅಲ್ಲ. ಕಪ್ ಅಂದ್ರೆ ಕಪ್.

ತಂಡದ ಆಟಕ್ಕಿಂತ ಜಾಸ್ತಿ ಬಿಸಿಯಾಗೋದು ಪ್ರೇಕ್ಷಕರ ವಿಷಯ ಬಂದಾಗ. ಮೇಷ್ಟ್ರು ಒಂದು ಸಿದ್ಧಾಂತ ಇಟ್ಟುಕೊಂಡಿದ್ದಾರೆ: ಚಿನ್ನಸ್ವಾಮಿಯ ಗದ್ದಲ ಎದುರಾಳಿಗಿಂತ ನಮ್ಮವರನ್ನೇ ಹೆದರಿಸುತ್ತೆ. 2025ರಲ್ಲಿ ಅವರಿಗೆ ಪುರಾವೆಯೂ ಸಿಕ್ಕಿತು. ಬೆಂಗಳೂರಿನಲ್ಲಿ ಮೊದಲ ಮೂರು ಪಂದ್ಯ ಸಾಲಾಗಿ ಸೋಲು, ಹೊರಗೆ ಆಡಿದ ಏಳಕ್ಕೆ ಏಳೂ ಗೆಲುವು. ‘ಮನೇಲಿ ಅಪ್ಪ ಅಮ್ಮ ಬೆನ್ನ ಹಿಂದೆ ನಿಂತ್ಕೊಂಡ್ರೆ ಮಗು ಲೆಕ್ಕ ತಪ್ಪಲ್ವಾ, ಹಂಗೆ’ ಅಂತಾರೆ ಮೇಷ್ಟ್ರು. ಮಂಜ ಒಪ್ಪಲ್ಲ. ‘ಸಾರ್, ಅದು ಪಿಚ್ಚು. ಗ್ರೌಂಡ್ ಚಿಕ್ಕದು, ಬೌಲರ್ ಏನ್ ಮಾಡ್ತಾನೆ? ಜನ ಕೂಗೋದ್ರಿಂದ ಯಾರೂ ಸೋಲಲ್ಲ.’

ಜನ ಕೂಗೋದರಲ್ಲೂ ಎರಡು ಥರ ಇದೆ. 2015ರ ನವೆಂಬರ್‌ನಲ್ಲಿ ಡಿವಿಲಿಯರ್ಸ್ ತನ್ನ ನೂರನೇ ಟೆಸ್ಟ್ ಆಡಿದ್ದು ಬೆಂಗಳೂರಲ್ಲಿ, ಭಾರತದ ವಿರುದ್ಧ. ಅವನು ಬ್ಯಾಟ್ ಹಿಡಿದು ಇಳಿದಾಗ ಚಿನ್ನಸ್ವಾಮಿ ‘ಎಬಿಡಿ, ಎಬಿಡಿ’ ಅಂತ ಕೂಗಿತು. ಎದುರು ತಂಡದವನನ್ನ ಮನೆ ಮಗನ ಹಾಗೆ ಬರಮಾಡಿಕೊಂಡ ಅದೇ ಗುಂಪಿನಲ್ಲಿ ಇನ್ನೊಂದು ಮುಖವೂ ಇದೆ. 2021ರಲ್ಲಿ ಕೋಲ್ಕತ್ತಾ ಎದುರು ಡ್ಯಾನ್ ಕ್ರಿಶ್ಚಿಯನ್ ಒಂದೇ ಓವರಿನಲ್ಲಿ 22 ರನ್ ಕೊಟ್ಟ, ತಂಡ ಹೊರಬಿತ್ತು. ಆಮೇಲೆ ಬೈಗುಳ ಬಂದದ್ದು ಅವನ ಸಂಗಾತಿಗೆ. ಅವಳನ್ನ ಬಿಟ್ಟುಬಿಡಿ ಅಂತ ಅವನೇ ಕೇಳಿಕೊಳ್ಳಬೇಕಾಯ್ತು. 2023ರಲ್ಲಿ ಶುಭಮನ್ ಗಿಲ್ ಶತಕ ಹೊಡೆದು ನಮ್ಮನ್ನ ಮನೆಗೆ ಕಳಿಸಿದಾಗ ಅವನ ಅಕ್ಕನಿಗೆ ಬೈದರು. ಇದನ್ನ ಅಭಿಮಾನ ಅಂತ ಕರೆಯೋದಕ್ಕೆ ನನಗೆ ನಾಲಗೆ ಏಳಲ್ಲ. ಮಂಜನಿಗೂ ಏಳಲ್ಲ, ಆದರೆ ಅವನು ಒಂದು ಮಾತು ಹೇಳ್ತಾನೆ: ‘ಅವ್ರು ಮೊಬೈಲ್‌ನೋರು. ಸ್ಟೇಡಿಯಮ್ಮಿಗೆ ಬರೋರು ಬೇರೆ.’

ಸ್ಟೇಡಿಯಮ್ಮಿಗೆ ಬರೋರು ಅಂದರೆ ನನಗೆ ನೆನಪಾಗೋದು ಚಿನ್ನಸ್ವಾಮಿ ಅಲ್ಲ, ಗಂಗೋತ್ರಿ ಗ್ಲೇಡ್ಸ್. ನಮ್ಮ ಕಡೆಯಿಂದ ಕುಕ್ಕರಹಳ್ಳಿ ಕೆರೆಯ ಪಕ್ಕ ಹಾದು ಮಾನಸಗಂಗೋತ್ರಿಗೆ ಹೋದರೆ ವಿಶ್ವವಿದ್ಯಾನಿಲಯದ ಮರಗಳ ನಡುವೆ ಆ ಮೈದಾನ. ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನ ಅಂತ ಹೆಸರು. ಮೈಸೂರು ನೋಡೋಕೆ ಬಂದವರಿಗೆ ಒಂದು ಸಂಜೆ ಬಿಡುವಿದ್ದರೆ ಅಲ್ಲಿಗೆ ಹೋಗಿ ಬನ್ನಿ ಅಂತ ನಾನು ಹೇಳ್ತೀನಿ. ಕೆರೆಯ ಏರಿ ಮೇಲೆ ನಡೆದು, ಕೊಕ್ಕರೆಗಳನ್ನ ನೋಡಿಕೊಂಡು ಹೋದರೆ ಇನ್ನೂ ಒಳ್ಳೇದು.

2010ರ ಜನವರಿಯಲ್ಲಿ ಅಲ್ಲಿ ರಣಜಿ ಫೈನಲ್ ನಡೀತು, ಕರ್ನಾಟಕ ಮತ್ತು ಮುಂಬೈ. ನಾನು ಒಂಬತ್ತನೇ ಕ್ಲಾಸು. ಮೊದಲ ಇನ್ನಿಂಗ್ಸಿನಲ್ಲಿ ನಮ್ಮವರು 130ಕ್ಕೆ ಬಿದ್ದಾಗ ಕಥೆ ಮುಗೀತು ಅಂದುಕೊಂಡಿದ್ದೆವು. ಗೆಲ್ಲೋಕೆ 338 ಬೇಕಿತ್ತು. ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ನಿಂತರು. ಸಂಕ್ರಾಂತಿ ದಿನ ಎಳ್ಳು ಬೆಲ್ಲ ಜೇಬಿಗೆ ಹಾಕಿಕೊಂಡು ಅಪ್ಪನ ಸ್ಕೂಟರಿನಲ್ಲಿ ಹೋದೆ. ಊರಿಗೆ ಊರೇ ಅಲ್ಲಿತ್ತು. ಜಾಗ ಸಿಗದವರು ಮರ ಹತ್ತಿದ್ದರು. ಹಬ್ಬದ ಸೀರೆ ಉಟ್ಟ ಹೆಂಗಸರು ಮಕ್ಕಳನ್ನ ಎತ್ತಿಕೊಂಡು ನಿಂತಿದ್ದರು. ಗುರುತಿಲ್ಲದ ಒಬ್ಬರು ನನ್ನನ್ನ ಮುಂದಕ್ಕೆ ಬಿಟ್ಟು, ‘ನೀನ್ ಕುಳ್ಳ, ಮುಂದೆ ನಿಂತ್ಕೋ’ ಅಂದರು. ಪಾಂಡೆ 144 ಹೊಡೆದು ಔಟಾದ ಮೇಲೆ ವಿಕೆಟ್‌ಗಳು ಉರುಳಿದವು. 331ಕ್ಕೆ ಆಲೌಟ್. ಆರು ರನ್. ನನ್ನ ಪಕ್ಕದಲ್ಲಿದ್ದ ಒಬ್ಬ ಅಜ್ಜ ಮುಂಬೈಯವರಿಗೆ ಚಪ್ಪಾಳೆ ತಟ್ಟಿದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅಪ್ಪನ ಹತ್ತಿರ ಎಳ್ಳು ಬೆಲ್ಲ ಕೊಟ್ಟೆ, ಅವರು ತಿನ್ನಲಿಲ್ಲ.

(ಆರು ರನ್ ವಿಷಯದಲ್ಲಿ ಪಾಂಡೆಯ ಹಣೆಬರಹ ನೋಡಿ. 2009ರಲ್ಲಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅವನು, ಅದೂ ಆರ್‌ಸಿಬಿಗೆ. ಆ ಸಲ ತಂಡ ಫೈನಲ್ ಸೋತದ್ದೂ ಆರೇ ರನ್ನಿಂದ. ಅವನನ್ನ ನಾವು ಉಳಿಸಿಕೊಳ್ಳಲಿಲ್ಲ. 2014ರ ಫೈನಲ್ಲಿನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ 94 ಹೊಡೆದು ಕೋಲ್ಕತ್ತಾಗೆ ಕಪ್ ಕೊಡಿಸಿದ. ರಾಯರ ಮುಂದೆ ಈ ವಿಷಯ ಎತ್ತಬಾರದು.)

ಇಷ್ಟೆಲ್ಲ ಆಗಿ, 2025ರ ಜೂನ್ 3. ಅಹಮದಾಬಾದ್. ನಮ್ಮದು 190, ಪಂಜಾಬ್ 184. ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದ. ಕೊನೆ ಓವರಿಗೆ 29 ಬೇಕಿತ್ತು, ಶಶಾಂಕ್ ಸಿಂಗ್ 22 ಹೊಡೆದೇಬಿಟ್ಟ, ಆದರೂ ಗೆದ್ದೆವು. ಎಷ್ಟು ರನ್ನಿಂದ? ಆರು. ಹದಿನೆಂಟು ವರ್ಷದ ಮೇಲೆ ಆ ಆರು ನಮ್ಮ ಕಡೆ ತಿರುಗಿತ್ತು. ಜೋಡಿ ರಸ್ತೆಯಲ್ಲಿ ಆ ರಾತ್ರಿ ನಾನು ನೋಡಿದ್ದನ್ನ ಹೇಳಿದರೆ ನೀವು ನಂಬಲ್ಲ. ನೈಟಿ ಮೇಲೆ ಟವೆಲ್ ಹೊದ್ದ ಆಂಟಿಯರು ಗೇಟಿಗೆ ಬಂದು ನಿಂತಿದ್ದರು. ಬೈಕುಗಳ ಹಾರನ್, ಪಟಾಕಿ. ಮೇಷ್ಟ್ರು ಮಂಜನ ಬೈಕಿನ ಹಿಂದೆ ಕೂತು ಒಂದು ಸುತ್ತು ಹೋಗಿ ಬಂದರು. ರಾಯರು ಮೊದಲ ಸಲ ಎಲ್ಲರಿಗೂ ಫುಲ್ ಕಾಫಿ ಹೇಳಿದರು.

ಮರುದಿನದ ವಿಷಯ ನಿಮಗೆಲ್ಲ ಗೊತ್ತು. ಚಿನ್ನಸ್ವಾಮಿಯ ಗೇಟುಗಳ ಮುಂದೆ ಹನ್ನೊಂದು ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ನನ್ನ ಚಿಕ್ಕಮ್ಮನ ಮನೆ ನಮ್ಮ ಮನೆಗೆ ಎರಡು ರಸ್ತೆ ಆಚೆ. ಅವರ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾನೆ. ಮಧ್ಯಾಹ್ನ ‘ಮೆರವಣಿಗೆ ನೋಡೋಕೆ ಹೋಗ್ತಿದೀನಿ’ ಅಂತ ಮೆಸೇಜ್ ಹಾಕಿದ್ದ. ಐದು ಗಂಟೆ ಮೇಲೆ ಟಿವಿಯಲ್ಲಿ ಸುದ್ದಿ ಬರೋಕೆ ಶುರುವಾಯ್ತು. ಅವನ ಫೋನು ಸಿಗ್ತಿಲ್ಲ. ಚಿಕ್ಕಮ್ಮ ದೇವರ ಮನೆ ಬಾಗಿಲಲ್ಲಿ ಕೂತು ಒಂದೇ ನಂಬರ್ ಒತ್ತುತ್ತಿದ್ದರು. ನಾನು ಅವನ ಗೆಳೆಯರಿಗೆಲ್ಲ ಫೋನ್ ಮಾಡಿದೆ, ಅರ್ಧ ಜನರ ಫೋನೂ ಸಿಗಲಿಲ್ಲ. ರಾತ್ರಿ ಹತ್ತೂಕಾಲಿಗೆ ಬೇರೆ ಯಾರದೋ ನಂಬರಿನಿಂದ ಅವನೇ ಮಾಡಿದ. ‘ಅಣ್ಣಾ, ರೂಮಿಗೆ ಬಂದೆ. ಅಮ್ಮಂಗೆ ಹೇಳು’ ಅಂದ, ಅಷ್ಟೇ.

ಅಂಗಡಿಯ ಜಗಳ ಅವತ್ತಿಂದ ಬೇರೆಯಾಯ್ತು. ರಾಯರು ನೇರವಾಗಿ ಹುಡುಗರನ್ನೇ ಬೈದರು: ‘ಓದೋ ಮಕ್ಕಳಿಗೆ ಅಲ್ಲೇನ್ರೀ ಕೆಲಸ? ಗೇಟ್ ಹತ್ತೋದು, ಮರ ಹತ್ತೋದು. ಶಿಸ್ತಿಲ್ಲ.’ ಮಂಜನಿಗೆ ಸಿಟ್ಟು ಬಂದು ಎದ್ದು ಹೋದ. ಎರಡು ದಿನ ಬರಲೇ ಇಲ್ಲ.

ನನ್ನ ಕೆಲಸ ಸರ್ವರ್‌ಗಳ ಜೊತೆ. ಒಂದು ಸೈಟು 35 ಸಾವಿರ ಜನರನ್ನ ತಡ್ಕೊಳ್ಳುತ್ತೆ ಅಂದಾಗ ಎರಡು ಮೂರು ಲಕ್ಷ ಜನ ಒಟ್ಟಿಗೆ ಬಂದರೆ ಅದು ಬಿದ್ದುಹೋಗುತ್ತೆ. ಆಗ ನಾವು ಬಳಕೆದಾರರಿಗೆ ಶಿಸ್ತಿಲ್ಲ ಅಂತ ರಿಪೋರ್ಟ್ ಬರೆಯಲ್ಲ. ಚಿನ್ನಸ್ವಾಮಿಯಲ್ಲಿ ಕೂರೋಕಾಗೋದು ಸುಮಾರು 35 ಸಾವಿರ. ಬಂದವರು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದರು. ಮೆರವಣಿಗೆ ಇದೆ ಅಂತ ಒಂದು ಸುದ್ದಿ, ಇಲ್ಲ ಅಂತ ಇನ್ನೊಂದು, ಉಚಿತ ಪಾಸ್ ಅಂತ ಮತ್ತೊಂದು. ಗೆದ್ದು ಒಂದು ದಿನವೂ ಆಗಿರಲಿಲ್ಲ.

ನನ್ನ ಸಿಟ್ಟು ಒಂದು ಪದದ ಮೇಲೂ ಇದೆ. ಪೇಪರಿನಲ್ಲಿ, ಟಿವಿಯಲ್ಲಿ ಎಲ್ಲ ಕಡೆ ‘ಕಾಲ್ತುಳಿತ’. ಆ ಪದ ಕೇಳಿದರೆ ಯಾರೋ ಯಾರನ್ನೋ ತುಳಿದುಕೊಂಡು ಓಡಿದ ಹಾಗೆ ಕಾಣುತ್ತೆ. ಇಂಥ ಜಾಗಗಳಲ್ಲಿ ಬಹಳ ಸಲ ಹಾಗೆ ಆಗಿರಲ್ಲ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಸಿಕ್ಕಿಕೊಂಡರೆ ಯಾರ ಕಾಲೂ ಯಾರ ಮಾತೂ ಕೇಳಲ್ಲ. ಗುಂಪು ನೀರಿನ ಹಾಗೆ ಅಲೆಯಾಗಿ ಹೊಯ್ದಾಡುತ್ತೆ. ಎದೆಗೆ ಉಸಿರೆಳೆದುಕೊಳ್ಳೋಕೆ ಜಾಗ ಇರಲ್ಲ. ನಿಂತಲ್ಲೇ, ನಿಂತ ಹಾಗೇ ಪ್ರಾಣ ಹೋಗಬಹುದು. ಹಿಂದೆ ಇರೋನಿಗೆ ಮುಂದೆ ಏನಾಗ್ತಿದೆ ಅಂತ ಗೊತ್ತೇ ಇರಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟಿರ್ತಾನೆ, ಅಷ್ಟೇ. ಮೇಷ್ಟ್ರು ಇದನ್ನ ಕೇಳಿ, ‘ಫಿಸಿಕ್ಸ್ ಕಣಪ್ಪಾ ಅದು. ಒತ್ತಡಕ್ಕೆ ಶಿಸ್ತು ಗೊತ್ತಾಗಲ್ಲ’ ಅಂದರು. ರಾಯರು ತಲೆ ಅಲ್ಲಾಡಿಸಿದರು, ಒಪ್ಪಿ ಅಲ್ಲ.

ಆ ಮೇಲೆ ಕ್ರಿಕೆಟ್ಟೇ ಬೆಂಗಳೂರು ಬಿಟ್ಟು ಹೊರಟಿತು. ಚಿನ್ನಸ್ವಾಮಿಯಲ್ಲಿ ಆಗಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ಮಹಾರಾಜ ಟ್ರೋಫಿ ಆಗಸ್ಟ್‌ನಲ್ಲಿ ನಮ್ಮ ಮೈಸೂರಿಗೇ ಬಂತು, ಅದೇ ಗಂಗೋತ್ರಿ ಮೈದಾನಕ್ಕೆ. ಮೈಸೂರು ತಂಡದಲ್ಲಿ ಅದೇ ಮನೀಶ್ ಪಾಂಡೆ. ಹದಿನೈದು ವರ್ಷ ಆಗಿತ್ತು. ಅವನಿಗೂ, ನನಗೂ.

ಸ್ವಾತಂತ್ರ್ಯ ದಿನದ ರಜೆಗೆ ಚಿಕ್ಕಮ್ಮನ ಮಗ ಬಂದಿದ್ದ. ಸಂಜೆ ಅಂಗಡಿಗೆ ಕರ್ಕೊಂಡು ಹೋದೆ. ಟಿವಿಯಲ್ಲಿ ಮಹಾರಾಜ ಟ್ರೋಫಿ ಆಟ ಬರ್ತಿತ್ತು. ಮಂಜ ಎಲ್ಲೋ ಮಾತಿನ ಮಧ್ಯೆ, ‘ಮಗಾ, ಅವತ್ತು ಒಳಗೆ ಹೋಗೋಕೆ ಸಿಕ್ತಾ?’ ಅಂತ ಕೇಳಿಬಿಟ್ಟ. ಮನೆಯಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ಸ್ವಲ್ಪ ಹೊತ್ತು ಟಿವಿಯನ್ನೇ ನೋಡಿದ.

‘ಇಲ್ಲ ಅಣ್ಣಾ. ಗೇಟ್ ಹತ್ರಾನೂ ಹೋಗಿಲ್ಲ. ವಾಪಸ್ ಹೋಗೋಣ ಅಂತ ತಿರುಗಿದ್ದೆ, ತಿರುಗೋಕೆ ಆಗ್ಲಿಲ್ಲ. ಕಾಲು ನೆಲಕ್ಕೆ ತಾಗ್ತಾನೇ ಇರ್ಲಿಲ್ಲ. ಯಾರೋ ಒಬ್ರು ಕಂಬಿ ಮೇಲೆ ಕೂತಿದ್ದೋರು ಕೈ ಹಿಡಿದು ಮೇಲಕ್ಕೆ ಎಳ್ಕೊಂಡ್ರು. ಇಲ್ದಿದ್ರೆ...’ ಅಂದು ನಿಲ್ಲಿಸಿದ. ‘ಒಂದು ಶೂ ಅಲ್ಲೇ ಹೋಯ್ತು.’

ಕಂಬಿ ಹತ್ತಿದವರನ್ನ ಎರಡು ತಿಂಗಳಿಂದ ಬೈಯುತ್ತಿದ್ದ ರಾಯರು ಕಾಫಿ ಲೋಟ ಕೆಳಗಿಟ್ಟರು. ಟಿವಿಯಲ್ಲಿ ಯಾರೋ ಸಿಕ್ಸ್ ಹೊಡೆದರು, ನಾವು ಯಾರೂ ನೋಡಲಿಲ್ಲ.

‘ಇನ್ನೊಂದು ಶೂ ಏನ್ ಮಾಡ್ದೆ ಮರಿ?’ ಅಂತ ಕೇಳಿದರು ರಾಯರು.

‘ಇಟ್ಕೊಂಡಿದೀನಿ ಅಂಕಲ್.’